ಬಲಕ್ಕೆ ತಿರುಗಿದರೆ ಟಕ್ ಟಕ್

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಮೇಲೆ ವಿಜ್ಞಾನ ನನ್ನ ತಲೆಗೆ ಎಷ್ಟು ಹತ್ತಿದೆಯೋ ಗೊತ್ತಿಲ್ಲ, ಸುಳ್ಳು ಹೇಳುವ ಮುಖವನ್ನು ಗುರುತಿಸುವ ವಿದ್ಯೆಯಂತೂ ಚೆನ್ನಾಗಿ ಹತ್ತಿದೆ. ಹೋಂವರ್ಕ್ ಪುಸ್ತಕ ಮನೆಯಲ್ಲಿ ಬಿಟ್ಟು ಬಂದೆ ಎನ್ನುವವರು ನೆಲ ನೋಡುತ್ತಾ ಹೇಳಿದರೆ ಬಿಟ್ಟು ಬಂದದ್ದು ನಿಜ. ನನ್ನ ಕಣ್ಣನ್ನೇ ನೋಡುತ್ತಾ ಹೇಳಿದರೆ ಬರೆದೇ ಇಲ್ಲ ಎಂದರ್ಥ. ಈ ಸೂತ್ರ ಒಂದು ದಿನವೂ ಕೈಕೊಟ್ಟದ್ದಿಲ್ಲ, ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಸಾಕಷ್ಟು ಜಂಬವನ್ನೂ ಕೊಚ್ಚಿಕೊಂಡಿದ್ದೇನೆ. ಇಂಥ ನಾನು ಕಳೆದ ಮಳೆಗಾಲದಲ್ಲಿ ಇಬ್ಬರು ಮೆಕ್ಯಾನಿಕ್‌ಗಳ ಕಣ್ಣನ್ನೇ ದಿಟ್ಟಿಸಿ ನೋಡುತ್ತಾ ಸುಳ್ಳು ಹೇಳಿದೆ. ಇಬ್ಬರೂ ನಂಬಿದರು. ಟೀಚರ್ ಎಂದರೆ ಸುಳ್ಳು ಹೇಳುವವರಲ್ಲ ಎಂಬ ಗೌರವ ನಮ್ಮ ಕಡೆ ಇನ್ನೂ ಒಂದಿಷ್ಟು ಉಳಿದಿದೆ. ನಾನು ಅದನ್ನೇ ಖರ್ಚು ಮಾಡಿದೆ.

ನಮ್ಮ ಮನೆ ಬಂಟ್ವಾಳದಲ್ಲಿ. ನನ್ನ ಗಂಡ ಮಸ್ಕತ್ತಿನಲ್ಲಿ ಒಂದು ಹೋಟೆಲಿನ ಮ್ಯಾನೇಜರು. ವರ್ಷಕ್ಕೊಮ್ಮೆ ಬರುತ್ತಾರೆ, ಉಳಿದ ಹನ್ನೊಂದು ತಿಂಗಳು ಮೊಬೈಲಿನ ಒಳಗಿನಿಂದ ಸಂಸಾರ ನಡೆಸುತ್ತಾರೆ. ಮನೆಯಲ್ಲಿರುವುದು ನಾನು, ಅತ್ತೆ, ಮತ್ತೆ ಹನ್ನೊಂದು ವರ್ಷ ವಯಸ್ಸಿನ ಒಂದು ಸಣ್ಣ ಕಾರು. ನಾನು ಕಾರು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಅದೂ ಅತ್ತೆಗೋಸ್ಕರ. ಅತ್ತೆಗೆ ಈಗ ಎಪ್ಪತ್ತೆಂಟು. ಮೊಣಕಾಲುಗಳೆರಡೂ ಮುಷ್ಕರ ಹೂಡಿವೆ. ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ, ರಿಕ್ಷಾದಲ್ಲಿ ಅಷ್ಟು ದೂರ ಕುಳಿತರೆ ಸೊಂಟ ಹಿಡಿದುಕೊಳ್ಳುತ್ತದೆ. ಅಷ್ಟು ದೂರ ಎಂದರೆ ಕಕ್ಕಿಂಜೆಗೆ. ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವಾಗ ಸಿಗುವ ಊರು. ಅಲ್ಲಿ ಅತ್ತೆಯ ಅಕ್ಕ, ಎಂಬತ್ತಾರು ವರ್ಷದ ದೊಡ್ಡತ್ತೆ, ತಮ್ಮ ಮಗ ಸತೀಶ ಭಾವನ ಮನೆಯಲ್ಲಿದ್ದಾರೆ. ತಿಂಗಳಿಗೊಂದು ಶನಿವಾರ ನಾನು ರಜೆ ಹಾಕಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ಕ್ರಮ.

ದೊಡ್ಡತ್ತೆಗೆ ಮರೆವು. ಮೊದಲು ಕನ್ನಡಕ ಇಟ್ಟ ಜಾಗ ಹೋಯಿತು, ಆಮೇಲೆ ವಾರಗಳ ಹೆಸರು, ಆಮೇಲೆ ಮೊಮ್ಮಕ್ಕಳು. ಕಡೆಗೆ ಇಪ್ಪತ್ತೈದು ವರ್ಷದಿಂದ ಅನ್ನ ಬಡಿಸುತ್ತಿರುವ ಸೊಸೆಯೂ ಯಾರೋ ನೆಂಟರ ಪೈಕಿ ಹೆಂಗಸಾಗಿಬಿಟ್ಟರು. ಉಳಿದಿರುವುದು ನಮ್ಮ ಅತ್ತೆ ಮಾತ್ರ. ಅತ್ತೆಯ ಮುಖ ಕಂಡ ಕೂಡಲೇ "ಅಪ್ಪಿ, ಬಂದೆಯಾ" ಅನ್ನುತ್ತಾರೆ. ಅಪ್ಪಿ ಎನ್ನುವುದು ಅತ್ತೆಯ ಸಣ್ಣಂದಿನ ಹೆಸರು. ಆ ಹೆಸರು ಹಿಡಿದು ಅವರನ್ನು ಕರೆಯುವವರು ಈ ಭೂಮಿಯ ಮೇಲೆ ಬೇರೆ ಯಾರೂ ಉಳಿದಿಲ್ಲ. ಪ್ರತಿ ಸಲ ವಾಪಸು ಬರುವಾಗ ಅತ್ತೆ, ಈ ಸಲವೂ ಗುರುತು ಸಿಕ್ಕಿತು ಎಂದು ಒಂದು ಮಾತು ಹೇಳಿ ಬೆಳ್ತಂಗಡಿ ದಾಟುವವರೆಗೆ ಸುಮ್ಮನೆ ಹೊರಗೆ ನೋಡುತ್ತಾ ಕೂರುತ್ತಾರೆ. ಮುಂದಿನ ಸಲ ಸಿಗುತ್ತದೆಯೋ ಇಲ್ಲವೋ ಎಂಬ ವಿಷಯವನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಈಗ ಸುಳ್ಳಿಗೆ ಬರುತ್ತೇನೆ. ಸತೀಶ ಭಾವನ ಗೇಟಿನ ಬುಡದಲ್ಲಿ ಒಂದು ಕಲ್ಲಿದೆ. ಅದನ್ನು ಅಲ್ಲಿ ಯಾರು ಹಾಕಿದರು, ಯಾಕೆ ತೆಗೆಯುವುದಿಲ್ಲ ಎಂದು ಕೇಳಬಾರದು. ಪ್ರತಿ ಮನೆಯ ಗೇಟಿನಲ್ಲೂ ಇಂಥದೊಂದು ಕಲ್ಲು ಇದ್ದೇ ಇರುತ್ತದೆ, ಆ ಮನೆಯವರಿಗೆ ಮಾತ್ರ ಅದು ಕಾಣಿಸುವುದಿಲ್ಲ. ಆ ಕಲ್ಲಿಗೆ ನಾನು ಎರಡು ಸಲ ಕಾರು ತಾಗಿಸಿದ್ದೆ. ಎರಡನೆಯ ಸಲ ನನ್ನ ಗಂಡ ಮಸ್ಕತ್ತಿನಿಂದ ತೀರ್ಪು ಕೊಟ್ಟಿದ್ದರು. ಇನ್ನೊಂದು ಸಲ ತಾಗಿದರೆ ಕಾರನ್ನು ಅವರ ತಂಗಿಯ ಗಂಡನಿಗೆ ಕೊಟ್ಟುಬಿಡುವುದು, ಅವನು ಹೇಗೂ ಕೇಳುತ್ತಿದ್ದಾನೆ. ಇಂಥ ತೀರ್ಪುಗಳನ್ನು ಅವರು ಬಹಳ ಶಾಂತವಾಗಿ ಹೇಳುತ್ತಾರೆ, ಶಾಂತವಾಗಿ ಹೇಳಿದ್ದನ್ನು ಮಾಡಿಯೇ ಮಾಡುತ್ತಾರೆ. ಜೂನ್ ತಿಂಗಳಲ್ಲಿ ಹೋದಾಗ ಗೇಟಿನ ಬಳಿ ಕೆಂಪು ನೀರು ಹರಿಯುತ್ತಿತ್ತು, ಕಲ್ಲು ನೀರಿನ ಅಡಿಯಲ್ಲಿತ್ತು. ಅತ್ತೆಯನ್ನು ಜಗಲಿಯ ಹತ್ತಿರ ಇಳಿಸಿ ಕಾರನ್ನು ತಿರುಗಿಸಿ ನಿಲ್ಲಿಸಲು ಹೋದೆ. ಎಡ ಚಕ್ರದ ಒಳಗಿನಿಂದ ಕರ್ ಎಂದು ಕೇಳಿತು.

ಸತೀಶ ಭಾವ ಓಡಿ ಬಂದರು. ಅವರು ರಬ್ಬರ್ ಕೃಷಿಕರು, ತೊಗಟೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸವನ್ನೂ ತಾವೇ ಮಾಡುತ್ತಾರೆ. ಮಳೆಗಾಲದಲ್ಲಿ ಮರದ ತೊಗಟೆಯಲ್ಲಿ ಇಳಿಯುವ ನೀರು ಹಾಲಿನ ಚಿಪ್ಪಿಗೆ ಬೀಳದಂತೆ ಪ್ರತಿ ಮರಕ್ಕೂ ಒಂದು ಪ್ಲಾಸ್ಟಿಕ್ ಲಂಗ ಕಟ್ಟಿ, ಮೇಲಂಚಿಗೆ ಡಾಂಬರಿನಂಥ ಕಪ್ಪು ಅಂಟು ಬಳಿಯುತ್ತಾರೆ. ಅದೇ ಕೆಲಸ ನಡೆಯುತ್ತಿತ್ತು, ಅವರ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಬಗ್ಗಿ ನೋಡಿ, ಒಂದು ರಬ್ಬರಿನ ಚೀಲ ಸ್ವಲ್ಪ ಹರಿದಿದೆ ಅಷ್ಟೆ, ತಮ್ಮನಿಗೆ ಹೇಳುವುದು ಬೇಡ, ಹೇಗೂ ಅಂಟು ಕಲಸಿದ್ದು ಇದೆ, ಈಗಲೇ ಹಾಕಿ ಕೊಡುತ್ತೇನೆ ಎಂದರು. ತಮ್ಮ ಎಂದರೆ ನನ್ನ ಗಂಡ. ಕಾರಿನ ಅಡಿಗೆ ಗೋಣಿ ಹಾಸಿ ಮಲಗಿ, ಪ್ಲಾಸ್ಟಿಕ್ ಸುತ್ತಿ, ಅಂಟು ಬಳಿದು, ಹತ್ತು ನಿಮಿಷದಲ್ಲಿ ಎದ್ದು ಬಂದರು. ಎಷ್ಟು ಒಳ್ಳೆಯ ಮನಸ್ಸು. ನಾನು ಆ ದಿನ ಅವರಿಗೆ ಹೇಳಿದಷ್ಟು ಥ್ಯಾಂಕ್ಸ್ ಅನ್ನು ನನ್ನ ಮದುವೆಗೆ ಬಂದವರಿಗೂ ಹೇಳಿರಲಿಲ್ಲ. ಒಳಗೆ ಅಕ್ಕನ ಕೈ ಹಿಡಿದು ಕುಳಿತಿದ್ದ ಅತ್ತೆಗೆ ಇದೇನೂ ಗೊತ್ತಾಗಲಿಲ್ಲ.

ಜುಲೈ ತಿಂಗಳಲ್ಲಿ ಶಬ್ದ ಶುರುವಾಯಿತು. ನೇರ ಹೋಗುವಾಗ ಏನೂ ಇಲ್ಲ. ಎಡಕ್ಕೆ ತಿರುಗಿದರೂ ಏನೂ ಇಲ್ಲ. ಬಲಕ್ಕೆ ಪೂರ್ತಿ ತಿರುಗಿಸಿದರೆ ಮಾತ್ರ ಟಕ್ ಟಕ್ ಟಕ್, ಯಾರೋ ಅಡಿಯಿಂದ ಬೆರಳಿನ ಗಂಟಿನಲ್ಲಿ ಬಡಿದ ಹಾಗೆ. ವಿಜ್ಞಾನದ ಟೀಚರಾದ ನಾನು ಇದಕ್ಕೆ ಅತ್ಯಂತ ವೈಜ್ಞಾನಿಕವಾದ ಪರಿಹಾರ ಕಂಡುಹಿಡಿದೆ: ಬಲಕ್ಕೆ ತಿರುಗುವುದನ್ನು ಬಿಟ್ಟೆ. ಬಂಟ್ವಾಳದಲ್ಲಿ ಎಡಕ್ಕೆ ಮಾತ್ರ ತಿರುಗಿ ಬದುಕಲು ಸಾಧ್ಯವೇ ಎಂದು ಕೇಳಿದರೆ ಸಾಧ್ಯ, ಆದರೆ ಮನೆಯಿಂದ ಅರ್ಧ ಗಂಟೆ ಬೇಗ ಹೊರಡಬೇಕು. ಬಲಗಡೆಗಿರುವ ತರಕಾರಿ ಅಂಗಡಿಗೆ ಹೋಗಲು ಎಡಕ್ಕೆ ಮೂರು ಸಲ ತಿರುಗಿ, ಪೇಟೆಯ ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಮೂರನೆಯ ದಿನ ಅತ್ತೆ, ದೇವರಿಗೆ ದಿನಾ ಅಪ್ರದಕ್ಷಿಣೆ ಬರುತ್ತಿದ್ದೀಯಲ್ಲ, ಇದು ಎಂಥ ಹರಕೆ ಎಂದು ಕೇಳಿದರು. ದೇವರನ್ನು ಎಡಕ್ಕೆ ಇಟ್ಟುಕೊಂಡು ಸುತ್ತಬಾರದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ದೇವಸ್ಥಾನವನ್ನು ಬಿಟ್ಟು ಪೆಟ್ರೋಲ್ ಪಂಪಿಗೆ ಸುತ್ತು ಹಾಕತೊಡಗಿದೆ.

ಸ್ಟಾಫ್ ರೂಮಿನಲ್ಲಿ ವಿಷಯ ಬಿಟ್ಟದ್ದು ನನ್ನ ತಪ್ಪು. ಕಾಯಿಲೆಗೆ ಮದ್ದು ಹೇಳದ ಮನುಷ್ಯ ಸಿಗಬಹುದು, ಕಾರಿನ ಶಬ್ದಕ್ಕೆ ಕಾರಣ ಹೇಳದ ಮನುಷ್ಯ ಸಿಗುವುದಿಲ್ಲ. ಅಳದಂಗಡಿಯಿಂದ ಬರುವ ಪಿ.ಟಿ. ಮಾಸ್ಟ್ರು ಬೇರಿಂಗ್ ಎಂದರು. ಹೆಡ್‌ಮಾಸ್ಟ್ರು ಸ್ಟಿಯರಿಂಗ್ ಎಂದರು. ಸ್ವಂತ ಕಾರೇ ಇಲ್ಲದ ಹಿಂದಿ ಟೀಚರು ಕಣ್ಣು ಮುಚ್ಚಿ ಕೇಳಿ, ಇಲಿ ಎಂದರು. ಆದರೂ ನಾನು ಎಲ್ಲರಿಗೂ ಋಣಿ, ಯಾಕೆಂದರೆ ಒಬ್ಬೊಬ್ಬರೂ ತಮ್ಮ ಊಟದ ಬಿಡುವಿನಲ್ಲಿ ಕೊಡೆ ಹಿಡಿದು ಮೈದಾನಕ್ಕೆ ಬಂದು, ನಾನು ಬಲಕ್ಕೆ ಸುತ್ತುವುದನ್ನು ನೋಡಿದ್ದಾರೆ. ಕಿಟಕಿಯಲ್ಲಿ ಇಡೀ ಒಂಬತ್ತನೇ ತರಗತಿ ನಿಂತು ನೋಡಿದೆ.

ಕೊನೆಗೆ ಬಿ.ಸಿ.ರೋಡಿನ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅಡಿಗೆ ಏನಾದರೂ ತಾಗಿದೆಯಾ ಟೀಚರ್ ಎಂದು ಅವನು ಕೇಳಿದ. ಅವನ ಕಣ್ಣನ್ನೇ ನೋಡಿ, ಇಲ್ಲಪ್ಪ ಎಂದೆ. ಹೇಳಿದರೆ ಅವನಿಂದ ಪಿ.ಟಿ. ಮಾಸ್ಟ್ರಿಗೆ, ಪಿ.ಟಿ. ಮಾಸ್ಟ್ರಿಂದ ಅವರ ಹೆಂಡತಿಗೆ, ಆಕೆಯಿಂದ ನನ್ನ ನಾದಿನಿಗೆ, ಅಲ್ಲಿಂದ ಮಸ್ಕತ್ತಿಗೆ ಸುದ್ದಿ ತಲುಪಲು ಎಷ್ಟು ಗಂಟೆ ಬೇಕೆಂದು ನಾನು ಲೆಕ್ಕ ಹಾಕಿದ್ದೆ. ಅವನು ಕಾರನ್ನು ಒಂದು ಸುತ್ತು ತಿರುಗಿಸಿ, ಹಿಂದಿನ ಸೀಟಿನ ಅಡಿಗೆ ಕೈ ಹಾಕಿ ಒಂದು ತೆಂಗಿನಕಾಯಿ ಹೊರಗೆ ತೆಗೆದ. ಹಿಂದಿನ ವರ್ಷದ ಆಯುಧ ಪೂಜೆಯ ಕಾಯಿ. ಅರಸಿನ ಕುಂಕುಮ ಹಾಗೇ ಇತ್ತು, ಒಳಗೆ ಕೊಬ್ಬರಿಯಾಗಿ ಗಡಗಡ ಅನ್ನುತ್ತಿತ್ತು. ಖುಷಿಯಿಂದ ನಾನು ಅಳುವುದೊಂದು ಬಾಕಿ. ದೇವರ ಕಾಯಿ ಎಂದು ಅತ್ತೆ ಅದನ್ನು ತುರಿದು ಪಾಯಸವನ್ನೂ ಮಾಡಿದರು. ಅಕ್ಟೋಬರಿನಿಂದ ಒಳಗಿದ್ದ ಕಾಯಿ ಜುಲೈವರೆಗೆ ಯಾಕೆ ಸುಮ್ಮನಿತ್ತು, ಮತ್ತು ಅದಕ್ಕೆ ಬಲಗಡೆಯ ಮೇಲೆ ಮಾತ್ರ ಯಾಕೆ ದ್ವೇಷ ಎಂದು ಒಂಬತ್ತನೇ ತರಗತಿಯವರಾದರೂ ಕೇಳುತ್ತಿದ್ದರು. ನಾನು ಕೇಳಲಿಲ್ಲ, ಪಾಯಸ ತಿಂದೆ. ಮರುದಿನ ಬೆಳಿಗ್ಗೆ ಗೇಟು ದಾಟಿ ಬಲಕ್ಕೆ ತಿರುಗಿಸಿದಾಗ ಟಕ್ ಟಕ್ ಟಕ್.

ಎರಡನೆಯ ಸುಳ್ಳು ಮೂಡುಬಿದಿರೆಯಲ್ಲಿ. ಅಲ್ಲಿ ಕಾರನ್ನು ಮೇಲೆತ್ತಿ ನೋಡುವ ದೊಡ್ಡ ಗ್ಯಾರೇಜ್ ಒಂದಿದೆ ಎಂದು ಹೆಡ್‌ಮಾಸ್ಟ್ರು ಕಳಿಸಿದರು. ಕಾರು ಆಕಾಶಕ್ಕೆ ಏರಿತು. ಅಲ್ಲಿನ ಮೆಕ್ಯಾನಿಕ್ ಅಡಿಯಲ್ಲಿ ನಿಂತು ಟಾರ್ಚು ಹಾಕಿ ನೋಡಿದರು. ರಬ್ಬರುಗಳೆಲ್ಲ ಒಳ್ಳೆ ಕಪ್ಪಗೆ ಹೊಸದರ ಹಾಗೆ ಉಂಟು ಟೀಚರ್, ಎಲ್ಲಿಯೂ ತಾಗಿಸಿಲ್ಲ ಅಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ಈ ಸಲ ಇನ್ನೂ ಸಲೀಸಾಗಿ ಬಂತು. ಅವರು ಪಾಪ, ನನ್ನ ಮಾತು ನಂಬಿ ಬೇರೆ ಕಡೆ ಹುಡುಕಿ ಯಾವುದೋ ಒಂದು ಸಣ್ಣ ಸರಳನ್ನು ಬದಲಿಸಿ ಕೊಟ್ಟರು. ಆ ಸರಳಿಗೆ ಏನೂ ಆಗಿರಲಿಲ್ಲ ಎಂದು ಈಗ ನನಗೆ ಗೊತ್ತು. ಅವರ ತಪ್ಪು ಏನೂ ಇಲ್ಲ, ಹೊಟ್ಟೆನೋವು ಮುಚ್ಚಿಟ್ಟು ತಲೆ ತೋರಿಸಿದವಳು ನಾನು. ಶಬ್ದ ನನ್ನ ಜೊತೆಗೇ ಬಂಟ್ವಾಳಕ್ಕೆ ವಾಪಸು ಬಂತು.

ಆಗಸ್ಟಿನಲ್ಲಿ ಸತೀಶ ಭಾವನ ಫೋನು ಬಂತು. ದೊಡ್ಡತ್ತೆ ಹಿಂದಿನ ದಿನ ಸಂಜೆ ಅಕ್ಕತಂಗಿಯರ ಹಳೆಯ ಫೋಟೋ ಹಿಡಿದುಕೊಂಡು, ಈ ಮಗು ಯಾರದ್ದು ಎಂದು ಕೇಳಿದರಂತೆ. ಆ ಮಗು ನಮ್ಮ ಅತ್ತೆ. ಬೆಳಿಗ್ಗೆಯ ಹೊತ್ತು ಪರವಾಗಿಲ್ಲ, ಹೊತ್ತು ಇಳಿದ ಹಾಗೆ ಎಲ್ಲ ಕಲಸಿಹೋಗುತ್ತದೆ, ಈ ಶನಿವಾರ ಬೇಗ ಬನ್ನಿ ಎಂದರು ಭಾವ. ಶನಿವಾರ ಬೆಳಿಗ್ಗೆ ಆರೂವರೆಗೇ ಅತ್ತೆ ಸೀರೆ ಉಟ್ಟು, ಕೈಚೀಲ ಮಡಿಲಲ್ಲಿಟ್ಟು ಜಗಲಿಯಲ್ಲಿ ಕುಳಿತಿದ್ದರು. ಶಬ್ದ ಇರುವ ಕಾರು ಅಷ್ಟು ದೂರ ಹೋಗಬಹುದೇ ಎಂದು ನನಗೆ ಅನುಮಾನವಿತ್ತು. ಕೇಳುವ ಧೈರ್ಯ ಬರಲಿಲ್ಲ.

ದಾರಿಯಲ್ಲಿ ಸಿಗುವ ಮಡಂತ್ಯಾರಿನಲ್ಲಿ ದೊಡ್ಡತ್ತೆಗೆ ಬನ್ಸ್ ಕಟ್ಟಿಸಿಕೊಳ್ಳಲು ನಿಲ್ಲಿಸಿದೆ. ಹೋಟೆಲಿನಿಂದ ಬಲಕ್ಕೆ ತಿರುಗಿ ಹೊರಡುವಾಗ ಟಕ್ ಟಕ್ ಹೋಗಿ ಟಡ್ ಟಡ್ ಆಗಿತ್ತು. ಹೋಟೆಲಿನ ಎದುರು ನಿಂತಿದ್ದ ರಿಕ್ಷಾದವರು ಕೈ ಅಡ್ಡ ಹಿಡಿದು ನಿಲ್ಲಿಸಿ, ಈ ಗಾಡಿಯನ್ನು ಹೀಗೇ ತೆಗೆದುಕೊಂಡು ಹೋಗಬೇಡಿ, ಹಿಂದಿನ ರಸ್ತೆಯಲ್ಲಿ ಸಿಲ್ವೆಸ್ಟರ್ ಪೊರ್ಬುಗಳಿದ್ದಾರೆ, ಅವರಿಗೆ ತೋರಿಸಿ ಎಂದರು. ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಗೌರವದಿಂದ ಪೊರ್ಬುಗಳು ಎನ್ನುವುದು. ಆಮೇಲೆ ರಿಕ್ಷಾದವರು ಒಂದು ಮಾತು ಸೇರಿಸಿದರು: ಸ್ವಲ್ಪ ದೊಡ್ಡದಾಗಿ ಮಾತಾಡಬೇಕು, ಅವರಿಗೆ ಕಿವಿ ಕೇಳುವುದಿಲ್ಲ. ಕಾರಿನ ಶಬ್ದ ಹುಡುಕಿಸಲು ಕಿವಿ ಕೇಳದವರ ಹತ್ತಿರ ಹೋಗುವುದೆಂದರೆ ನನ್ನ ಗ್ರಹಗತಿ ಇನ್ನು ಯಾವ ಮಟ್ಟಕ್ಕೆ ಇಳಿಯಬೇಕು ಎಂದುಕೊಂಡೆ.

ಸಿಲ್ವೆಸ್ಟರ್ ಪೊರ್ಬುಗಳಿಗೆ ಅರವತ್ತು ದಾಟಿರಬೇಕು. ಬಸ್ಸಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ತಗಡು ಬಡಿದು ಕಿವಿ ಕಳೆದುಕೊಂಡವರು. ಬೋರ್ಡಿಲ್ಲದ ಗ್ಯಾರೇಜು, ಅದಕ್ಕೆ ತಾಗಿಕೊಂಡೇ ಮನೆ. ನಾನು ಬಾಯಿಯಲ್ಲಿ ಟಕ್ ಟಕ್ ಮಾಡಿ ತೋರಿಸತೊಡಗಿದರೆ ಅವರು ಕೈಯೆತ್ತಿ ತಡೆದರು. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನಲ್ಲಿ ಕುಳಿತು, ಎರಡೂ ಬರಿಗಾಲನ್ನು ಕಾರಿನ ನೆಲಕ್ಕೆ ಒತ್ತಿ, ಒಂದು ಅಂಗೈಯನ್ನು ಮುಂದಿನ ಸೀಟಿನ ಕಂಬಿಗೆ ಹಿಡಿದರು. ಇಳಿಯಲು ಹೊರಟ ಅತ್ತೆಗೆ, ನೀವು ಅಲ್ಲೇ ಕೂತುಕೊಳ್ಳಿ ಅಮ್ಮ, ಭಾರ ಬೇಕು ಎಂದರು. ಹತ್ತಿರದ ಖಾಲಿ ಜಾಗದಲ್ಲಿ ನಾನು ಬಲಕ್ಕೆ ಸುತ್ತಿದೆ. ಕನ್ನಡಿಯಲ್ಲಿ ನೋಡುತ್ತೇನೆ, ಅವರು ಕಣ್ಣು ಮುಚ್ಚಿದ್ದಾರೆ, ಒಂದೊಂದು ಟಕ್‌ಗೂ ಸರಿಯಾಗಿ ತೋರುಬೆರಳು ಮೇಲೇಳುತ್ತಿದೆ. ಒಂದೂ ತಪ್ಪಲಿಲ್ಲ. ಎರಡು ಕಿವಿ ಸರಿ ಇರುವ ಇಡೀ ಸ್ಟಾಫ್ ರೂಮಿಗೆ ಸಿಗದ್ದು ಅವರ ಹಿಮ್ಮಡಿಗೆ ಎರಡೇ ಸುತ್ತಿನಲ್ಲಿ ಸಿಕ್ಕಿತು. "ಎಡದ ಆಕ್ಸಲ್, ಹೊರಗಿನ ಜಾಯಿಂಟು," ಎಂದರು.

ಗ್ಯಾರೇಜಿಗೆ ತಂದು ಎಡ ಚಕ್ರ ಬಿಚ್ಚಿದರು. ಆಕ್ಸಲಿನ ಜಾಯಿಂಟಿನ ಮೇಲೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರಿನ ಚೀಲ ಇರುತ್ತದೆ, ಅದಕ್ಕೆ ಬೂಟು ಎನ್ನುತ್ತಾರೆ. ಒಳಗಿನ ಗ್ರೀಸು ಹೊರಗೆ ಹೋಗದಂತೆ, ಹೊರಗಿನ ಮಣ್ಣು ಒಳಗೆ ಬಾರದಂತೆ ಕಾಯುವುದು ಅದರ ಕೆಲಸ. ಪೊರ್ಬುಗಳು ಆ ಬೂಟನ್ನು ಬೆರಳಿನಲ್ಲಿ ಒತ್ತಿದರು. ಉಗುರಿನಲ್ಲಿ ಕೆರೆದರು. ಕೆರೆದದ್ದನ್ನು ಮೂಗಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, ಕಿವಿ ಕೇಳದವರಿಗೆ ಸಹಜವಾದ ಗಟ್ಟಿ ದನಿಯಲ್ಲಿ ಕೇಳಿದರು.

"ಮೇಡಂ, ನಿಮ್ಮ ಕಾರಿಗೆ ಟ್ಯಾಪಿಂಗ್ ಮಾಡುವುದು ಯಾರು?"

ರಬ್ಬರ್ ಮರದ ಅಂಟು ಗುರುತಿಸಲು ಆ ಊರಿನಲ್ಲಿ ವಿಶೇಷ ವಿದ್ಯೆಯೇನೂ ಬೇಡ. ಗ್ಯಾರೇಜಿನ ಎದುರು ಪೇಪರ್ ಓದುತ್ತಿದ್ದ ಇಬ್ಬರು ಪೇಪರ್ ಕೆಳಗಿಳಿಸಿದರು. ನಾನು ಮೆಲ್ಲನೆ, ಅದು ಜೂನ್ ತಿಂಗಳಲ್ಲಿ ಒಂದು ಸಣ್ಣ ಕಲ್ಲು ಎಂದು ಶುರುಮಾಡಿದೆ. ಪೊರ್ಬುಗಳು ಕಿವಿಯ ಹಿಂದೆ ಅಂಗೈ ಹಿಡಿದು, ಎಂಥದು ಎಂದು ಕೇಳಿದರು. ಇನ್ನೂ ಸ್ವಲ್ಪ ಎತ್ತರದ ದನಿಯಲ್ಲಿ ಹೇಳಿದೆ. ತಲೆಯಾಡಿಸಿದರು, ಕೇಳಲಿಲ್ಲ. ಹೀಗೆ ಎರಡು ತಿಂಗಳು ಗಂಡನಿಂದ, ಅತ್ತೆಯಿಂದ, ಸ್ಟಾಫ್ ರೂಮಿನಿಂದ, ಇಬ್ಬರು ಮೆಕ್ಯಾನಿಕ್‌ಗಳಿಂದ ಕಾಪಾಡಿಕೊಂಡು ಬಂದ ಗುಟ್ಟನ್ನು ನಾನು ಮಡಂತ್ಯಾರು ಪೇಟೆಯಲ್ಲಿ, ನಾಲ್ಕನೇ ಪ್ರಯತ್ನದಲ್ಲಿ, ಕೊನೆಯ ಬೆಂಚಿಗೆ ಕೇಳುವ ಹಾಗೆ ಪಾಠ ಮಾಡುವ ದನಿಯಲ್ಲಿ ಕೂಗಿ ಹೇಳಬೇಕಾಯಿತು. ಗೇಟಿನ ಕಲ್ಲಿಗೆ ತಾಗಿಸಿದ್ದು ನಾನು. ಅಂಟು ಹಾಕಿದ್ದು ಭಾವ. ಮೆಕ್ಯಾನಿಕ್‌ಗಳಿಗೆ ಸುಳ್ಳು ಹೇಳಿದ್ದೂ ನಾನು. ಕೂಗಿ ಮುಗಿಸಿ ತಿರುಗಿ ನೋಡಿದರೆ ಅತ್ತೆ ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು.

ಪೊರ್ಬುಗಳು ನನ್ನನ್ನು ಬೈಯಲಿಲ್ಲ. ಭಾವನ ಕೆಲಸವನ್ನು ಮೆಚ್ಚಿಕೊಂಡೇ ಮಾತಾಡಿದರು. ಬಹಳ ಚಂದ ಹಾಕಿದ್ದಾರೆ, ಮರಕ್ಕಾಗಿದ್ದರೆ ಈ ಮಳೆಗಾಲ ಪೂರ್ತಿ ಬರುತ್ತಿತ್ತು, ಆದರೆ ಮರ ತಿರುಗುವುದಿಲ್ಲವಲ್ಲ ಎಂದರು. ಹರಿದ ಬೂಟಿನಿಂದ ಗ್ರೀಸು ಅಷ್ಟರಲ್ಲೇ ಹೋಗಿತ್ತು, ಮರಳು ನೀರು ಒಳಗೆ ಬಂದಿತ್ತು. ಭಾವ ಆ ಮರಳನ್ನು ಒಳಗಿಟ್ಟೇ ಭದ್ರವಾಗಿ ಬಾಗಿಲು ಹಾಕಿದ್ದರು. ಅದು ಎರಡು ತಿಂಗಳು ಒಳಗೆ ಕೂತು ಜಾಯಿಂಟನ್ನು ಅರೆದಿತ್ತು. ಘರ್ಷಣೆಯ ಪಾಠವನ್ನು ನಾನು ವರ್ಷಕ್ಕೆ ಮೂರು ಸೆಕ್ಷನ್ನಿಗೆ ಮಾಡುತ್ತೇನೆ. ಪೊರ್ಬುಗಳು ಬೂಟು ಕತ್ತರಿಸಿ, ಒಳಗಿನ ಸವೆದ ಉಕ್ಕಿನ ಗುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಇದು ಬಲಕ್ಕೆ ತಿರುಗುವಾಗಲೇ ಹೋಗುವುದು, ಹೋದರೆ ಗಾಡಿ ಅಲ್ಲಿಗೇ ನಿಲ್ಲುತ್ತದೆ ಎಂದರು. ಭಾವನ ಮನೆಗೆ ಹೆದ್ದಾರಿಯಿಂದ ಬಲಕ್ಕೆ ತಿರುಗಬೇಕು. ಘಾಟಿ ಇಳಿದ ಲಾರಿಗಳು ಅದೇ ವೇಗದಲ್ಲಿ ಎದುರಿನಿಂದ ಬರುವ ಜಾಗ ಅದು, ಮತ್ತು ಅತ್ತೆ ಕೂರುವುದು ಎಡಗಡೆಯ ಸೀಟಿನಲ್ಲಿ. ಲಾರಿ ಬರುವುದೂ ಆ ಕಡೆಯಿಂದಲೇ.

"ಈ ಗಾಡಿ ಹೀಗೇ ಕಕ್ಕಿಂಜೆಗೆ ಹೋಗುವುದಿಲ್ಲ," ಎಂದರು ಪೊರ್ಬುಗಳು.

ಆಗ ಅತ್ತೆ ಮೊದಲ ಸಲ ಮಾತಾಡಿದರು. ಅವರು ಕೂಗಲಿಲ್ಲ. ಎದ್ದು, ಕಾಲೆಳೆದುಕೊಂಡು ಪೊರ್ಬುಗಳ ಹತ್ತಿರ ಹೋಗಿ, ಅವರ ಮುಖಕ್ಕೆ ಮುಖ ಕೊಟ್ಟು ಹೇಳಿದರು: "ನನ್ನ ಅಕ್ಕನಿಗೆ ಬೆಳಿಗ್ಗೆ ಮಾತ್ರ ಜನರ ಗುರುತು ಸಿಗುವುದು. ಇವತ್ತು ಹೋಗಬೇಕಿತ್ತು ನನಗೆ." ತುಟಿ ನೋಡಿ ಅರ್ಥಮಾಡಿಕೊಂಡರೋ ಏನೋ, ಪೊರ್ಬುಗಳು ಗೋಡೆಯ ಗಡಿಯಾರ ನೋಡಿದರು. ಬೆಳಿಗ್ಗೆಯೊಳಗೆ ಆಗುವುದಿಲ್ಲ ಅಮ್ಮ, ಸಂಜೆಯೊಳಗೆ ನೋಡುವ ಎಂದರು. ಅವರ ಹೆಂಡತಿ ಮಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನು ಮಾಡಿದರು, ಏಕೆಂದರೆ ಆ ಮನೆಯ ಫೋನೆಲ್ಲ ಅವರದೇ. ಅಂಗಡಿಯವರು ಜಾಯಿಂಟನ್ನು ಹೊರಡುತ್ತಿದ್ದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ನಮ್ಮನ್ನು ತಡೆದ ರಿಕ್ಷಾದವರೇ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಟ್ಟನ್ನು ಇಳಿಸಿಕೊಂಡು ತಂದರು. ಅಷ್ಟರೊಳಗೆ ಪೊರ್ಬುಗಳು ಹಳೆಯದನ್ನು ಬಿಚ್ಚಿ ಎಲ್ಲ ತೊಳೆದಿಟ್ಟಿದ್ದರು. ಅವರ ಹೆಂಡತಿ ನಮಗಿಬ್ಬರಿಗೂ ಕುಚ್ಚಿಲಕ್ಕಿ ಅನ್ನ, ಹೆಸರುಕಾಳಿನ ಗಸಿ ಬಡಿಸಿದರು. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಬಟ್ಟೆಯನ್ನೂ ಇಟ್ಟರು. ಇವರಲ್ಲಿ ಒಬ್ಬರಿಗೂ ನಮ್ಮ ಹೆಸರು ಗೊತ್ತಿರಲಿಲ್ಲ.

ಊಟ ಮಾಡುತ್ತಿದ್ದಾಗ ಮಸ್ಕತ್ತಿನಿಂದ ಫೋನು ಬಂತು. ನಾನು ಎತ್ತುವ ಮೊದಲೇ ಅತ್ತೆ ಎಡಗೈಯಲ್ಲಿ ಎತ್ತಿದರು. ಈಗ ನನ್ನ ಕಾರು ಹೋಯಿತು ಎಂದು ತುತ್ತು ಹಾಗೇ ಹಿಡಿದು ಕುಳಿತೆ. ನನ್ನ ಗಂಡ ಎಲ್ಲಿದ್ದೀರಿ ಎಂದು ಕೇಳಿರಬೇಕು. ಅತ್ತೆ, ಮಡಂತ್ಯಾರಿನಲ್ಲಿ ಗುರುತಿನವರ ಮನೆಯಲ್ಲಿ ಊಟಕ್ಕೆ ನಿಂತಿದ್ದೇವೆ, ಬಿಡುವುದೇ ಇಲ್ಲ ಇವರು, ಕಾರಾ, ಕಾರಿಗೆ ಎಂಥ ಆಗಿದೆ, ಚೆನ್ನಾಗಿ ಉಂಟು ಎಂದರು. ನೆಲ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಗಸಿಯನ್ನು ನೋಡುತ್ತಾ ಹೇಳಿದರು. ಇಪ್ಪತ್ತಾರು ವರ್ಷದ ನನ್ನ ಸೂತ್ರದಲ್ಲಿ ಗಸಿ ನೋಡುವವರಿಗೆ ಜಾಗವೇ ಇರಲಿಲ್ಲ. ಫೋನು ಇಟ್ಟು, "ಇನ್ನು ಮೇಲೆ ಕಲ್ಲಿಗೆ ತಾಗಿಸಿದರೆ ಮೊದಲು ನನಗೆ ಹೇಳು ಮಾರಾಯ್ತಿ," ಎಂದು ಅನ್ನ ಕಲಸಿಕೊಂಡರು. ನನ್ನ ಮೇಲೆ ಸಿಟ್ಟು ಮಾಡಲು ಅವರಿಗೆ ಎಲ್ಲ ಹಕ್ಕೂ ಇತ್ತು. ಮಾಡಲಿಲ್ಲ. ಮದುವೆಯಾಗಿ ಬಂದ ಮೇಲೆ ನನಗೆ ಸಿಕ್ಕಿದ ದೊಡ್ಡ ಉಡುಗೊರೆ ಯಾವುದು ಎಂದು ಕೇಳಿದರೆ ಅತ್ತೆಯ ಆ ಸುಳ್ಳು ಎಂದೇ ಹೇಳುತ್ತೇನೆ.

ಮೂರು ಗಂಟೆಗೆ ಕಾರು ತಯಾರಾಯಿತು. ಪೊರ್ಬುಗಳು ಮತ್ತೆ ಬರಿಗಾಲಿನಲ್ಲಿ ಹಿಂದೆ ಕುಳಿತರು, ನಾನು ಬಲಕ್ಕೆ ಮೂರು ಸುತ್ತು ಹಾಕಿದೆ. ಬೆರಳು ಮೇಲೇಳಲೇ ಇಲ್ಲ. ಬಹಳ ಉಪಕಾರವಾಯಿತು ಎಂದು ಮೆಲ್ಲನೆ ಹೇಳಿದೆ. ಅವರು ಕಿವಿಯ ಹಿಂದೆ ಅಂಗೈ ಹಿಡಿದರು. ಮತ್ತೊಮ್ಮೆ, ಇಡೀ ಪೇಟೆಗೆ ಕೇಳುವ ಹಾಗೆ ಹೇಳಿದೆ. ತಪ್ಪನ್ನು ಅಷ್ಟು ಕೂಗಿ ಹೇಳಿದ ಮೇಲೆ ಉಪಕಾರವನ್ನು ಪಿಸುಗುಟ್ಟಿ ಹೇಳುವುದು ಹೇಗೆ?

ಕಕ್ಕಿಂಜೆಯಲ್ಲಿ ಹೆದ್ದಾರಿಯಿಂದ ಬಲಕ್ಕೆ ತಿರುಗಿದಾಗ ಗಂಟೆ ನಾಲ್ಕೂವರೆ ಆಗಿತ್ತು. ಎದುರಿನ ಲಾರಿ ದೂರದಲ್ಲಿತ್ತು, ಆದರೂ ಅದು ದಾಟಿ ಹೋಗುವವರೆಗೆ ಕಾದೆ. ಕಾರು ಒಂದು ಮಾತೂ ಆಡದೆ ತಿರುಗಿತು. ಅತ್ತೆ ಮಾತ್ರ ಉಜಿರೆಯಿಂದಲೂ ಕೈಚೀಲದ ಜಿಪ್ಪನ್ನು ಹಾಕುತ್ತಾ ತೆಗೆಯುತ್ತಾ ಇದ್ದರು. ದೊಡ್ಡತ್ತೆ ಜಗಲಿಯಲ್ಲೇ ಕುಳಿತಿದ್ದರು. ಸತೀಶ ಭಾವ ಬಾಗಿಲಲ್ಲಿ ನಿಂತು, ಮಧ್ಯಾಹ್ನದಿಂದ ಸರಿಯಿಲ್ಲ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ದೊಡ್ಡತ್ತೆ ಮೊದಲು ಅತ್ತೆಯ ಸೀರೆ ನೋಡಿದರು, ಆಮೇಲೆ ಕೈಚೀಲ ನೋಡಿದರು, ಯಾರೋ ಲೆಕ್ಕ ಬರೆದುಕೊಳ್ಳಲು ಬಂದವರನ್ನು ನೋಡುವ ಹಾಗೆ. ಅತ್ತೆ ಏನೂ ಹೇಳಿಕೊಡಲಿಲ್ಲ, ಮೆಟ್ಟಿಲ ಕೆಳಗೆ ಸುಮ್ಮನೆ ನಿಂತರು. ಕಡೆಗೆ ದೊಡ್ಡತ್ತೆ, "ಅಪ್ಪಿ, ಎಷ್ಟು ಹೊತ್ತು ಮಾಡಿದೆ ಮಾರಾಯ್ತಿ," ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಮೊಣಕಾಲು ಮರೆತು ಎರಡು ಮೆಟ್ಟಿಲು ಹತ್ತಿಬಿಟ್ಟರು. ಭಾವನೂ ಕಣ್ಣು ಒರೆಸಿಕೊಂಡರು.

ಅಕ್ಕನ ಪಕ್ಕದಲ್ಲಿ ಅತ್ತೆ ಕುಳಿತ ಮೇಲೆ ದೊಡ್ಡತ್ತೆಯ ಕಣ್ಣು ಅಂಗಳದಲ್ಲಿ ಕಾರಿನ ಕೀ ಹಿಡಿದು ನಿಂತಿದ್ದ ನನ್ನ ಮೇಲೆ ಬಿತ್ತು. ತುಂಬ ಹೊತ್ತು ನೋಡಿದರು. ಆಮೇಲೆ ಅತ್ತೆಯ ಕಡೆ ಬಾಗಿ, "ಡ್ರೈವರಿಗೆ ಬೆಲ್ಲ ನೀರು ಕೊಟ್ಟಾಯಿತಾ? ಪಾಪ, ಹೆಣ್ಣುಮಗಳು, ದೂರದಿಂದ ಬಂದಿದ್ದಾಳೆ," ಎಂದರು. ಸತೀಶ ಭಾವ ಗಾಬರಿಯಾಗಿ, ಅಮ್ಮಾ ಅದು ಚಿಕ್ಕಮ್ಮನ ಸೊಸೆ, ಹೈಸ್ಕೂಲಿನಲ್ಲಿ ಟೀಚರ್ ಎಂದು ತಿದ್ದಲು ಹೊರಟರು. ಅತ್ತೆ ಕೈ ಅಡ್ಡ ಹಿಡಿದು ಅವರನ್ನು ಸುಮ್ಮನಾಗಿಸಿದರು. ಅಕ್ಕನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು ಹೇಳಿದರು:

"ಹೌದಕ್ಕ, ಒಳ್ಳೆ ಡ್ರೈವರು. ಇವಳಿಲ್ಲದಿದ್ದರೆ ನಾನು ನಿನ್ನ ಹತ್ತಿರ ಬರಲಿಕ್ಕೇ ಆಗುತ್ತಿರಲಿಲ್ಲ."

ಯಾವತ್ತೂ ಕಾರಿನಲ್ಲಿ ನನ್ನ ಪಕ್ಕ ಕುಳಿತು ಬ್ರೇಕು ಇಲ್ಲದ ಕಡೆ ಬ್ರೇಕು ಒತ್ತುವ ಅತ್ತೆಯ ಬಾಯಲ್ಲಿ ಬಂದ ಮಾತು ಅದು. ದೊಡ್ಡತ್ತೆಗೆ ಸಮಾಧಾನವಾಯಿತು. ಇಂಥವರು ಈಗ ಸಿಗುವುದಿಲ್ಲ, ಇವಳನ್ನು ಬಿಡಬೇಡ ಎಂದು ತಂಗಿಗೆ ಬುದ್ಧಿ ಹೇಳಿ, ನನಗೆ ಜಗಲಿಯ ಕೆಳಗಿನ ಬೆಂಚು ತೋರಿಸಿದರು. ಮನೆಯ ಸೊಸೆಗೆ ಒಳಗೆ ಕುರ್ಚಿಯಿದೆ. ನಾನು ಆ ಬೆಂಚಿನಲ್ಲೇ ಕುಳಿತು, ಕೊಟ್ಟ ಬೆಲ್ಲವನ್ನು ಪೂರ್ತಿ ತಿಂದೆ. ಅಕ್ಕತಂಗಿಯರು ಮಾತು ಮುಗಿಸಿ ಏಳುವವರೆಗೂ ಒಳಗೆ ಹೋಗಲಿಲ್ಲ. ಡ್ರೈವರುಗಳು ಕಾಯುತ್ತಾರೆ.